ಹಿಟ್ಟಿನ ಹುಳಕ್ಕೆ ಅದರ ಪಾಲು ಕೊಟ್ಟೆ

ಜಮಖಂಡಿ ಕಡೆ ಕಬ್ಬಿನ ರೈತರಿಗೆ ಟ್ರೈಕೋಕಾರ್ಡ್ ಮಾಡಿ ಕೊಡುವುದು ನನ್ನ ಕೆಲಸ. ಕಬ್ಬು ಕೊರೆಯುವ ಹುಳುವಿನ ಮೊಟ್ಟೆಯನ್ನು ನಾಶಮಾಡುವ ಪುಟ್ಟ ಕಣಜದ ಹುಳುಗಳನ್ನು ಕಾರ್ಸೈರಾ ಎಂಬ ಪತಂಗದ ಮೊಟ್ಟೆಯೊಳಗೆ ಬೆಳೆಸಿ, ಆ ಮೊಟ್ಟೆಗಳನ್ನು ಅಂಟಿಸಿದ ಕಾರ್ಡ್ ಅದು. ಆ ಮೊಟ್ಟೆಗಾಗಿ ಬೇಸಿನ್ ತುಂಬ ಜೋಳದ ನುಚ್ಚು ಹಾಕಿ ಕಾರ್ಸೈರಾ ಸಾಕುತ್ತೇನೆ.

ಎರಡು ವರ್ಷ ನನ್ನ ಜೋಳ ತಿಂದಿದ್ದು ಕಾರ್ಸೈರಾ ಅಲ್ಲ, ಕೆಂಪು ಹಿಟ್ಟಿನ ಹುಳು. ಒಂದು ಸಲ 40 ಬೇಸಿನ್ ಹಾಕಿದ್ದೆ, ತಲಾ ಎರಡೂವರೆ ಕೆಜಿ. ಪತಂಗ ಏಳುವ ಹೊತ್ತಿಗೆ ಬಟ್ಟೆ ಬಿಚ್ಚಿದರೆ ಬಲೆ ಕಟ್ಟಿದ ನುಚ್ಚು ಅಲ್ಲೊಂದು ಇಲ್ಲೊಂದು ಉಂಡೆ, ಕೆಳಗೆಲ್ಲ ಬರೀ ಹಿಟ್ಟು, ಬೆರಳಾಡಿಸಿದರೆ ಕೆಂಪು ಹುಳು ಪಿತಪಿತ, ಜೊತೆಗೆ ಆ ಘಾಟು ವಾಸನೆ. ಕಾರ್ಸೈರಾ ಮೊಟ್ಟೆಯನ್ನೂ ಬಿಡುವುದಿಲ್ಲ ಇವು. ಜೋಳಕ್ಕೇ ಸುಮಾರು 3,000 ರೂಪಾಯಿ ಮಣ್ಣುಪಾಲಾಯಿತು. ಶೇಂಗಾ ಪುಡಿ, ಯೀಸ್ಟ್, ಕೂಲಿ ಬೇರೆ.

ಜೋಳ ಹುರಿದೆ. ಮೇ ಬಿಸಿಲಿಗೆ ತಗಡಿನ ಮೇಲೆ ಹರವಿದೆ. ಒಳಗಿದ್ದವು ಸತ್ತವು, ಬಾಗಿಲ ಸಂದಿಯಿಂದ ಹೊಸವು ಬಂದವು.

ಆಮೇಲೊಮ್ಮೆ ಗಿರಣಿಯವ ತಪ್ಪಿ ದಪ್ಪ ನುಚ್ಚು ಒಡೆದು ಕೊಟ್ಟ. ಬೈದುಕೊಂಡೇ ಹಾಕಿದೆ. ಆ ಐದಾರು ಬೇಸಿನ್‌ನಲ್ಲಿ ಹುಳು ಕಡಿಮೆ! ಇವಕ್ಕೆ ಗಟ್ಟಿ ಕಾಳು ಕೊರೆಯಲು ಬರುವುದಿಲ್ಲ, ಹಿಟ್ಟು ಬೇಕು. ಕಾರ್ಸೈರಾ ಮರಿ ನುಚ್ಚಿಗೇ ಬಲೆ ನೇಯ್ದು ಬದುಕುತ್ತದೆ. ಈಗ ಕಾಳು ಮೂರ್ನಾಲ್ಕು ಚೂರಾದರೆ ಸಾಕು, ಎರಡು ಸಲ ಜರಡಿ ಹಿಡಿದು ಹಿಟ್ಟು ತೆಗೆಯುತ್ತೇನೆ. ಅದೇ ಹಿಟ್ಟನ್ನು ಡಬ್ಬಿಗೆ ಹಾಕಿ ಶೆಡ್ಡಿನ ಮೂಲೆಗಳಲ್ಲಿ ಇಡುತ್ತೇನೆ, ಎಂಟು ದಿನಕ್ಕೊಮ್ಮೆ ಹುಳುಸಮೇತ ಕುದಿಯುವ ನೀರಿಗೆ. "ಕಳ್ಳನಿಗೆ ಊಟ ಹಾಕಿ ಮನೆ ಕಾಯ್ತೀಯೇನೋ?" ಅಂತ ಗೆಳೆಯರು ನಕ್ಕಿದ್ದರು. ಬೇಸಿನ್‌ಗೆ 5-6 ಸಿಸಿ (ಮಿಲಿಲೀಟರ್) ಕಾರ್ಸೈರಾ ಮೊಟ್ಟೆ ಬರುತ್ತಿದ್ದದ್ದು ಈಗ 14-15 ದಾಟುತ್ತದೆ. ನಕ್ಕವರೇ ಈಗ ಫೋನ್ ಮಾಡುತ್ತಾರೆ. ಡಬ್ಬಿಯ ಹಿಟ್ಟಿಗೆ ಇನ್ನೊಂದು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಬೇಸಿನ್‌ನಲ್ಲಿ ಹತ್ತಿಪ್ಪತ್ತು ಹುಳು ಈಗಲೂ ಕಾಣುತ್ತವೆ. ಇರಲಿ ಬಿಡಿ, ನಾನು ಹುಡುಕಿ ಕೊಲ್ಲಲು ಹೋಗುವುದಿಲ್ಲ.

ಸುಮ್ನೆ ಒಂದು ಆಟ ಆಡಿದೆ. ಎರಡು ಬಾಟಲಿಗೆ ಇಡೀ ಜೋಳ, ಎರಡಕ್ಕೂ ಕೆಂಪು ಹುಳು, ಎರಡನೆಯದಕ್ಕೆ ಮಾತ್ರ ಇಡೀ ಕಾಳು ಕೊರೆಯುವ ಸೊಂಡಿಲು ಹುಳುವನ್ನೂ ಬಿಟ್ಟೆ. ಮೊದಲನೆಯದರಲ್ಲಿ ಎರಡು ತಿಂಗಳಾದರೂ ಕೆಂಪು ಹುಳುವಿನ ಸಂಖ್ಯೆ ಏರಲಿಲ್ಲ. ಎರಡನೆಯದರಲ್ಲಿ ಸೊಂಡಿಲು ಹುಳು ಕೊರೆದು ಬಿಟ್ಟ ಪುಡಿಯ ಮೇಲೆ ಇವು ಸಂಸಾರ ಹೂಡಿದವು. ಅಂದಿನಿಂದ ಸಂತೆಯಲ್ಲಿ ತೂತು ಬಿದ್ದ ಕಾಳು ಕಂಡರೆ, ಎಷ್ಟೇ ಅಗ್ಗವಾಗಿರಲಿ, ಆ ಚೀಲ ಮುಟ್ಟುವುದಿಲ್ಲ.

ಮರಿಹುಳುಗಳ ಮೇಲೆ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಬ್ರಾಕಾನ್ ಎಂಬ ಕಣಜದ ಹುಳುವಿನ ಮುಂದೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಜೋಳವೇ ಬೇಡ, ಕಾರ್ಸೈರಾ ಮರಿಯೇ ಬೇಕು. ಹೋದ ತಿಂಗಳು ಅದು ಹೊಕ್ಕ 6 ಬೇಸಿನ್ ಮಾಲನ್ನು ಹೊರಗೊಯ್ದು ಸುಟ್ಟೆ.