ದುನ್‌ಹುವಾಂಗ್ ಸುರುಳಿಯ ಮೇಲೆ ಸಂಶೋಧನ ಲೇಖನ: ನನ್ನ ಅನುಭವ

ವಾಯವ್ಯ ಚೀನಾದ ದುನ್‌ಹುವಾಂಗ್‌ನ ಬೌದ್ಧ ಸುರುಳಿಗಳ ಮೇಲೆ ಬರೆಯಲು ಕೂತಾಗ ನಾನು ಮೊದಲು ಸುರುಳಿಯ ಸಂಖ್ಯೆಯನ್ನು ಖಚಿತ ಮಾಡಿಕೊಳ್ಳುತ್ತೇನೆ. ಅಲ್ಲಿಯ ಮೊಗಾವೊ ಗುಹಾಸಮೂಹದ 17ನೇ ಗುಹೆಯಲ್ಲಿ 1900ರಲ್ಲಿ ಬೆಳಕಿಗೆ ಬಂದ ಭಂಡಾರ ಈಗ ಹಲವು ದೇಶಗಳಿಗೆ ಹಂಚಿಹೋಗಿದೆ. 1907ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆರೆಲ್ ಸ್ಟೈನ್ ಒಯ್ದ ಚೀನೀ ಕೈಬರಹಗಳಿಗೆ ‘ಎಸ್’, 1908ರಲ್ಲಿ ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ ಪ್ಯಾರಿಸ್‌ಗೆ ಒಯ್ದವಕ್ಕೆ ‘ಪಿ’, ಬೀಜಿಂಗ್‌ನವಕ್ಕೆ ‘ಬಿಡಿ’ ಎಂಬ ಗುರುತು. ಆದರೆ ಕ್ರಿ.ಶ. 868ರ ಮುದ್ರಿತ ವಜ್ರಚ್ಛೇದಿಕಾ ಸೂತ್ರ ಬ್ರಿಟಿಷ್ ಲೈಬ್ರರಿಯಲ್ಲಿ ‘ಓಆರ್. 8210/ಪಿ. 2’. ಇಲ್ಲಿಯ ‘ಪಿ’ ಮುದ್ರಿತ ಪ್ರತಿಯ ಗುರುತು, ಪೆಲಿಯೊಗೂ ಅದಕ್ಕೂ ಸಂಬಂಧವಿಲ್ಲ. ಬರೀ ‘ಪಿ. 2’ ಎಂದು ಕೊಟ್ಟರೆ ಓದುವವರು ಪ್ಯಾರಿಸ್‌ನಲ್ಲಿ ಹುಡುಕುತ್ತಾರೆ. ಮುಂಬದಿಯೋ ಹಿಂಬದಿಯೋ ಎಂಬುದೂ ಸಂಖ್ಯೆಯ ಜೊತೆಗೇ ಇರಬೇಕು. ಹಳೆಯ ಸೂತ್ರದ ಬೆನ್ನ ಮೇಲೆ ಸಾಲಪತ್ರವೂ ಇರುತ್ತದೆ, ಮಕ್ಕಳ ಅಕ್ಷರಾಭ್ಯಾಸವೂ ಇರುತ್ತದೆ; ಎರಡೂ ಬದಿಯ ಕಾಲ ಒಂದೇ ಆಗಿರಬೇಕಿಲ್ಲ.

ಆಮೇಲೆ ಎಣಿಕೆ. ಲೇಖನ ನಿಲ್ಲುವುದು ಬೀಳುವುದು ಇದರ ಮೇಲೆಯೇ. ತಾಂಗ್ ರಾಜವಂಶದ ಕಾಲದ ಅಚ್ಚುಕಟ್ಟಾದ ಸೂತ್ರಪ್ರತಿಯಲ್ಲಿ ಸಾಲಿಗೆ 17 ಅಕ್ಷರ, ಹಾಳೆಗೆ ಸಾಮಾನ್ಯವಾಗಿ 28 ಸಾಲು. ಜಪಾನಿನಲ್ಲಿ ಅಚ್ಚಾದ ಚೀನೀ ಬೌದ್ಧ ಗ್ರಂಥಸಂಪುಟ ತೈಶೋ ಆವೃತ್ತಿಯ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು (ಕುಮಾರಜೀವ ಚೀನೀ ಭಾಷೆಗೆ ಅನುವಾದಿಸಿದ ವಜ್ರಚ್ಛೇದಿಕೆಗೆ ಅಲ್ಲಿ 235ನೇ ಸಂಖ್ಯೆ) ಕಳೆದುಹೋದ ಅಕ್ಷರಗಳನ್ನು ಎಣಿಸುತ್ತೇನೆ. ಎರಡು ತುಂಡುಗಳ ನಡುವೆ 340 ಅಕ್ಷರ ಇಲ್ಲವೆಂದರೆ 20 ಸಾಲು ಹೋಗಿವೆ. ಬೇರೆ ಸಂಗ್ರಹದಲ್ಲಿ ಅದೇ 20 ಸಾಲು ಸಿಕ್ಕರೆ ಜೋಡಿಸಿ ನೋಡಬಹುದು. ಕೈಬರಹ, ಗೆರೆಗಳ ಅಂತರ, ಹರಿದ ಅಂಚು ಮೂರೂ ಹೊಂದದೆ ಒಂದೇ ಸುರುಳಿ ಎನ್ನಬಾರದು. ಗಾಥೆ, ಅಂದರೆ ಪದ್ಯಭಾಗ, ಬಂದಲ್ಲಿ ಲೆಕ್ಕ ಬೇರೆ: ಐದಕ್ಷರದ ನಾಲ್ಕು ಪಾದ ಸೇರಿ ಸಾಲಿಗೆ 20. ಎರಡು ಚುಕ್ಕೆಯಂಥ ಪುನರುಕ್ತಿ ಗುರುತನ್ನು ಬಿಟ್ಟರೂ ಎಣಿಕೆ ತಪ್ಪುತ್ತದೆ. ಪ್ರತಿಯಲ್ಲಿ ಸರಿಯಾಗಿ 17 ಅಕ್ಷರ ಬಿಟ್ಟುಹೋಗಿದ್ದರೆ ಲಿಪಿಕಾರನ ಕಣ್ಣು ತಾಯಿಪ್ರತಿಯ ಒಂದು ಸಾಲು ಹಾರಿರುವ ಸಂಭವವೇ ಹೆಚ್ಚು. ಅಂಥದ್ದನ್ನು ಪಾಠಾಂತರವೆಂದು ಎತ್ತಿ ಹಿಡಿಯುವ ಲೇಖನಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾಲನಿರ್ಣಯದಲ್ಲಿ ಆತುರ ಬೇಡ. ನಮ್ಮ ಪ್ರಭವ–ವಿಭವದಂತೆ ಅಲ್ಲಿಯೂ 60 ವರ್ಷದ ಚಕ್ರ. ಅರಸನ ಆಳ್ವಿಕೆಯನ್ನು ಹೇಳುವ ರಾಜಶಕೆ ಇಲ್ಲದಿದ್ದರೆ ಒಂದಕ್ಕಿಂತ ಹೆಚ್ಚು ವರ್ಷ ಹೊಂದುತ್ತವೆ. ದುನ್‌ಹುವಾಂಗ್‌ನಲ್ಲಿ 848ರಲ್ಲಿ ಕೊನೆಗೊಂಡ ಟಿಬೆಟನ್ನರ ಆಳ್ವಿಕೆಯಲ್ಲಿ ಬರೀ ಕುದುರೆ ವರ್ಷ, ಕುರಿ ವರ್ಷ ಎಂದು ಬರೆದದ್ದು ಹೆಚ್ಚು, ಅದು 12 ವರ್ಷಕ್ಕೊಮ್ಮೆ ಮರಳುತ್ತದೆ. ಚೀನಾದ ಸಾಮ್ರಾಜ್ಞಿ ವೂ ಜಾರಿಗೆ ತಂದ ಹೊಸ ಅಕ್ಷರಗಳು ಕಂಡರೆ ಪ್ರತಿ 689ಕ್ಕಿಂತ ಹಿಂದಿನದಲ್ಲ ಎನ್ನಬಹುದು. ಅವಳ ಆಳ್ವಿಕೆ ಮುಗಿದ 705ರೊಳಗಿನದು ಎನ್ನಲಾಗದು, ಆಮೇಲೂ ಅವನ್ನು ಬಳಸಿದವರಿದ್ದಾರೆ. ಹನ್ನೆರಡನೇ ತಿಂಗಳ ತಾರೀಖು ನಮ್ಮ ಲೆಕ್ಕದಲ್ಲಿ ಮುಂದಿನ ವರ್ಷದ ಜನವರಿಗೆ ಬೀಳಬಹುದು, ಕೋಷ್ಟಕ ನೋಡಿಯೇ ಬರೆಯಬೇಕು.

ಚಿತ್ರಗಳ ಅನುಮತಿಗೆ ಲೇಖನ ಕಳಿಸುವ ಹೊತ್ತಿಗೇ ಅರ್ಜಿ ಹಾಕುತ್ತೇನೆ. ಸ್ವೀಕೃತಿ ಬಂದ ಮೇಲೆ ಕೇಳಿದರೆ ಸಂಚಿಕೆ ತಪ್ಪುತ್ತದೆ. ಚಿತ್ರದಲ್ಲಿ ಅಳತೆಪಟ್ಟಿ ಕಾಣಬೇಕು, ಇಲ್ಲದಿದ್ದರೆ ಗೆರೆಗಳ ಅಂತರದ ವಾದವನ್ನು ಯಾರೂ ಪರೀಕ್ಷಿಸಲಾರರು. ಅಪರೂಪದ ಅಕ್ಷರರೂಪಗಳು ಅಚ್ಚಿನಲ್ಲಿ ಖಾಲಿ ಚೌಕಗಳಾಗುತ್ತವೆ. ಫಾಂಟ್ ಅಡಕವಾದ ಪಿಡಿಎಫ್, ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆಯ ಪಟ್ಟಿ, ಯೂನಿಕೋಡ್‌ನಲ್ಲಿಲ್ಲದ ರೂಪಕ್ಕೆ ಸುರುಳಿಯಿಂದಲೇ ಕತ್ತರಿಸಿದ ಚಿತ್ರ, ಇಷ್ಟನ್ನೂ ಜೊತೆಗಿಟ್ಟು ಕಳಿಸುತ್ತೇನೆ. ಕರಡಚ್ಚು ಬಂದಾಗ ಇವನ್ನು ತೆರೆಯ ಮೇಲೆ ನೋಡಿ ಬಿಡದೆ ಕಾಗದಕ್ಕೆ ಇಳಿಸಿ, ಒಂದೊಂದನ್ನೂ ಸುರುಳಿಯ ಚಿತ್ರದೊಡನೆ ತಾಳೆ ಹಾಕುತ್ತೇನೆ.