ಕಾಫಿ ಸೀಸನ್ನಿನಲ್ಲಿ ಪದ್ಯದ ಓದು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜದ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆಯಲ್ಲಿ, ನನ್ನದು ಲೆಕ್ಕದ ಕೆಲಸ. ಡಿಸೆಂಬರ್ ಬಂತೆಂದರೆ ತೋಟಗಳಿಂದ ಲೋಡ್ ಬರುತ್ತಲೇ ಇರುತ್ತದೆ. ಪಾರ್ಚ್‌ಮೆಂಟ್ ಕಾಫಿ, ಚೆರ್ರಿ ಕಾಫಿ, ತೂಕದ ಚೀಟಿ ಅಂತ ದಿನ ಕಳೆದದ್ದೇ ತಿಳಿಯುವುದಿಲ್ಲ. ಆಗ ಕಾದಂಬರಿ ಹಿಡಿದರೆ ಸಾಗುವುದಿಲ್ಲ. ನಾಲ್ಕು ದಿನ ಬಿಟ್ಟು ತೆರೆದರೆ ಯಾರು ಯಾರ ಮಗ ಅನ್ನುವುದೇ ಮರೆತಿರುತ್ತದೆ. ಪದ್ಯಕ್ಕೆ ಆ ಕಷ್ಟ ಇಲ್ಲ. ಕಡೂರಿನಿಂದ ಬರುವ ಬಸ್ಸೇ ನನ್ನ ಓದುವ ಕೋಣೆ.

ಶುರು ಮಾಡಿದ್ದು ಡಿವಿಜಿಯವರ ಕಗ್ಗದಿಂದ. 1943ರಲ್ಲಿ ಬಂದ ಪುಸ್ತಕ, 945 ಪದ್ಯ, ಒಂದೊಂದೂ ನಾಲ್ಕೇ ಸಾಲು. ಅರ್ಥ ಕೆಳಗೇ ಅಚ್ಚಾಗಿದ್ದರೆ ಬಸ್ ಟಿಕೆಟ್ ಇಟ್ಟು ಮುಚ್ಚುತ್ತೇನೆ. ದಿನಕ್ಕೆ ಒಂದೇ. ಒಟ್ಟಿಗೆ ಹತ್ತು ಓದಿದರೆ ಎಲ್ಲವೂ ಹಿರಿಯರ ಬುದ್ಧಿವಾದದ ಹಾಗೆ ಕೇಳಿಸುತ್ತದೆ, ಅಲ್ವಾ?

ನಿಜವಾದ ರುಚಿ ಹತ್ತಿದ್ದು ಕವಿ ಲಕ್ಷ್ಮೀಶನಿಂದ. ಅವನು ನಮ್ಮ ಕಡೂರು ತಾಲೂಕಿನ ದೇವನೂರಿನವನು. ಅವನ ಜೈಮಿನಿ ಭಾರತ ಅಂದರೆ ಪಂಡಿತರಿಗೆ ಮಾತ್ರ ಅಂತ ಹೆದರುವವರೇ ಜಾಸ್ತಿ. ಆದರೆ ಅದು ಧರ್ಮರಾಯನ ಯಾಗದ ಕುದುರೆಯ ಹಿಂದೆ ಊರೂರು ಸುತ್ತುವ ಕಾವ್ಯ. ಪೂರ್ತಿ ಓದಲೇಬೇಕು ಅಂತಿಲ್ಲ. ಸುಧನ್ವನ ಕಥೆ ಬೇಕೇ, ಅದಷ್ಟೇ ಓದಿ. ಚಂದ್ರಹಾಸನ ಕಥೆ ಬೇಕೇ, ಅಲ್ಲಿಂದಲೇ ಶುರು ಮಾಡಿ. ನಾನು ಮೊದಲು ಓದಿದ್ದು ಸೀತೆಯನ್ನು ಕಾಡಿಗೆ ಬಿಡುವ ಭಾಗ.

ಕಣ್ಣಲ್ಲಿ ಓದಿದರೆ ಪದಗಳು ಗೋಜಲಾಗಿ ಕಾಣುತ್ತವೆ, ಸಂಧಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದಕ್ಕೇ ತುಟಿ ಆಡಿಸಿ ಓದುತ್ತೇನೆ. ಈ ಕಾವ್ಯ ಇರುವುದು ವಾರ್ಧಕ ಷಟ್ಪದಿ ಎಂಬ ಆರು ಸಾಲಿನ ಛಂದಸ್ಸಿನಲ್ಲಿ. ಅದರಲ್ಲಿ ಐದೈದು ಮಾತ್ರೆಯ ಗಣಗಳು; ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು, ಗಣ ಅಂದರೆ ಅವುಗಳ ಗುಂಪು. ಸಾಲಿಗೆ ಅಂಥವು ನಾಲ್ಕು. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಮಾತ್ರ ಆರು ಗಣ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಮೊಣಕಾಲ ಮೇಲೆ ಬೆರಳು ಬಡಿಯುತ್ತಾ ಹೋದರೆ ಓಟ ತಾನಾಗಿ ಸಿಗುತ್ತದೆ. ಓಟ ಸಿಕ್ಕ ಮೇಲೆ ಪದಗಳನ್ನು ಬಿಡಿಸುವುದು ಸುಲಭ. ಪಕ್ಕದ ಸೀಟಿನವರು ಮಂತ್ರ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಇನ್ನೊಂದು ಉಪಯೋಗ ಇದೆ. ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ. ಮಧ್ಯಾಹ್ನ ಕೆಲಸದ ನಡುವೆ ಒಂದು ಸಾಲು ಮರೆತರೆ ಆ ಅಕ್ಷರ ಹಿಡಿದು ಹುಡುಕುತ್ತೇನೆ. ಎಷ್ಟೋ ಸಲ ಸಿಗುತ್ತದೆ.

ಒಂದೇ ಪದ್ಯವನ್ನು ವಾರವಿಡೀ ಓದುವುದೂ ಉಂಟು. ಗೊತ್ತಾಗದ ಪದಕ್ಕೆ ಗುರುತು ಹಾಕಿ ಮುಂದೆ ಹೋಗುತ್ತೇನೆ, ರಾತ್ರಿ ನಿಘಂಟು ನೋಡಿದರಾಯಿತು. ಎರಡು ಮೂರು ಸಲ ಓದಿದರೂ ಹಿಡಿಸದ ಕವಿತೆಯನ್ನು ಸುಮ್ನೆ ಬಿಟ್ಟುಬಿಡುತ್ತೇನೆ. ಪರೀಕ್ಷೆ ಏನಿಲ್ಲವಲ್ಲ.

ಅಡಿಗರ ‘ಭೂಮಿಗೀತ’ದಂಥ ಉದ್ದದ ಕವಿತೆ ಮಾತ್ರ ಬಸ್ಸಿಗೆ ಆಗಿಬರುವುದಿಲ್ಲ. ಅರ್ಧದಲ್ಲಿ ಸ್ಟಾಪ್ ಬಂದರೆ ಮತ್ತೆ ಮೊದಲಿನಿಂದ ಹಿಡಿಯಬೇಕು. ಅದನ್ನು ಭಾನುವಾರಕ್ಕೆ ಎತ್ತಿಡುತ್ತೇನೆ. ಭಾನುವಾರವೂ ಲೋಡ್ ಬಂತೋ, ಅದು ಮುಂದಿನ ವಾರಕ್ಕೆ.