ಒಂದೆಲಗದ ತಂಬುಳಿ ಹುಡುಕಿದರೆ ಸಿಗಬೇಕು: ಕನ್ನಡದಲ್ಲಿ ಅಡುಗೆ ಬ್ಲಾಗ್ ಬರೆಯುವ ನನ್ನ ಅನುಭವ

ಬ್ಲಾಗ್ ಬರೆಯುವುದು ಹೇಗೆ ಅಂತ ಹೇಳಿಕೊಡುವವರಿಗೆ ಬರವಿಲ್ಲ. ವಾರಕ್ಕೆ ಇಂತಿಷ್ಟು ಬರೆಯಿರಿ, ತಲೆಬರಹ ಸೆಳೆಯುವ ಹಾಗಿರಲಿ, ಫೋಟೋ ಹಾಕಿ. ಆ ಮಾತುಗಳು ಸುಳ್ಳಲ್ಲ. ಆದರೆ ಬಹುಪಾಲು ಇಂಗ್ಲಿಷಿನಲ್ಲಿ ಬರೆಯುವವರಿಗೆ ಹೇಳಿದ್ದು. ಕನ್ನಡದಲ್ಲಿ ಬರೆಯುವವರ ತಾಪತ್ರಯವೇ ಬೇರೆ. ಬರೆದದ್ದು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ.

ನಾನು ಬರೆಯುವುದು ಮಲೆನಾಡಿನ ಮನೆ ಅಡುಗೆಯ ಬಗ್ಗೆ. ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಉಪ್ಪಿನಕಾಯಿ, ಇಂಥವು. ಓದುವವರು ಸಾವಿರಗಟ್ಟಲೆ ಏನಿಲ್ಲ. ಆದರೆ ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋದವರೋ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಕುಂಡದಲ್ಲಿ ಒಂದೆಲಗ ಬೆಳೆಸಿದವರೋ ಒಂದು ದಿನ ಹುಡುಕಿದಾಗ ಅದು ಸಿಗಬೇಕು ಅನ್ನುವುದು ನನ್ನ ಹಟ. ನನ್ನ ಅಭ್ಯಾಸಗಳೆಲ್ಲ ಈ ಹಟದಿಂದಲೇ ಬಂದವು.

ಮೊದಲು ಬರೆಯುವ ಕೆಲಸ. ನಮ್ಮ ದೊಡ್ಡಮ್ಮನನ್ನು ಕೇಳದೆ ನನ್ನ ಬರಹ ಮುಂದೆ ಹೋಗುವುದಿಲ್ಲ. ಅವರಿಗೆ ಚಮಚದ ಲೆಕ್ಕ ಗೊತ್ತಿಲ್ಲ. "ದೊಡ್ಡಮ್ಮ, ಜೀರಿಗೆ ಎಷ್ಟು ಹಾಕ್ತೀರಿ?" ಅಂದರೆ, "ಎಷ್ಟು ಅಂದ್ರೆ? ಬೆರಳಿಗೆ ಬಂದಷ್ಟು ಹಾಕು ಕಣೇ" ಅನ್ನುತ್ತಾರೆ. ಹಾಗಾಗಿ ಅವರ ಒಪ್ಪಿಗೆ ಕೇಳಿ ಫೋನಿನ ರೆಕಾರ್ಡರ್ ಹಾಕಿಕೊಳ್ಳುತ್ತೇನೆ. ಆ ರೆಕಾರ್ಡಿಂಗನ್ನು ನೇರವಾಗಿ ಯಂತ್ರಕ್ಕೆ ಕೊಟ್ಟು ಅಕ್ಷರ ಮಾಡಿಸಲು ಹೋಗುವುದಿಲ್ಲ. ಹಿಂದೆ ಒಗ್ಗರಣೆ ಸಿಡಿಯುತ್ತಿರುತ್ತದೆ, ಮಧ್ಯೆ ಬೆಕ್ಕನ್ನು ಬೈಯುತ್ತಿರುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿ ಕೇಳಿಸಿಕೊಳ್ಳುತ್ತಾ, ಅದನ್ನೇ ನನ್ನ ದನಿಯಲ್ಲಿ ನಿಧಾನವಾಗಿ ಫೋನಿನ ಗೂಗಲ್ ಕೀಲಿಮಣೆಯಾದ ಜೀಬೋರ್ಡಿನ ಮೈಕಿಗೆ ಹೇಳುತ್ತೇನೆ. ಕನ್ನಡ ಕೀಲಿಮಣೆಗೆ ಬದಲಿಸಿ ಮೈಕ್ ಒತ್ತಿದರೆ ಸಾಕು, ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿ ಬರೆದುಕೊಳ್ಳುತ್ತದೆ. ಪೂರ್ಣವಿರಾಮ, ಪ್ಯಾರಾ ನಾವೇ ಹಾಕಿಕೊಳ್ಳಬೇಕು. ಊರಿನ ಮಾತುಗಳನ್ನೂ ಎಷ್ಟೋ ಸಲ ತಿದ್ದಬೇಕಾಗುತ್ತದೆ. ಆದರೂ ಟೈಪ್ ಮಾಡಿ ಬೆರಳು ನೋಯಿಸಿಕೊಳ್ಳುವುದಕ್ಕಿಂತ ವಾಸಿ. ಕಂಪ್ಯೂಟರಿನಲ್ಲಾದರೆ ಗೂಗಲ್ ಡಾಕ್ಸ್‌ನಲ್ಲೂ ಇದೇ ಸೌಲಭ್ಯ ಇದೆ.

ತಿದ್ದುವ ಕೆಲಸವನ್ನು ಮಾತ್ರ ಕಂಪ್ಯೂಟರಿನಲ್ಲೇ ಮಾಡುತ್ತೇನೆ. ನನ್ನ ಕೈಗೆ ಒಗ್ಗಿರುವುದು ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ದಾರಿಯಲ್ಲೇ ಬಂದದ್ದು ಅದು. ಹೊಸದಾಗಿ ಕಲಿಯುವವರಿಗೆ ನಾನು ಅದನ್ನೇ ಕಲಿಯಿರಿ ಅಂತ ಒತ್ತಾಯ ಮಾಡುವುದಿಲ್ಲ. ವಿಂಡೋಸ್‌ನಲ್ಲಿ 2019ರಿಂದೀಚೆಗೆ ಕನ್ನಡದ ಫೋನೆಟಿಕ್ ಕೀಲಿಮಣೆ, ಅಂದರೆ ಉಚ್ಚಾರಣೆಗೆ ಹೊಂದುವ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವಂಥದ್ದು, ಒಳಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿಕೊಂಡರೆ ಆಯಿತು, ಬೇರೇನೂ ಇಳಿಸಿಕೊಳ್ಳಬೇಕಿಲ್ಲ.

ಇನ್ನು ನಿಜವಾದ ವಿಷಯ, ಅಂದರೆ ಸೊನ್ನೆ. ಈ ಎರಡು ಪದ ನೋಡಿ: ತಂಬುಳಿ, ತ೦ಬುಳಿ. ವ್ಯತ್ಯಾಸ ಕಾಣಿಸಿತಾ? ಬಹುತೇಕ ಫಾಂಟ್‌ಗಳಲ್ಲಿ ಕಾಣಿಸುವುದೇ ಇಲ್ಲ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಕಂಪ್ಯೂಟರಿಗೆ ಇವು ಬೇರೆ ಬೇರೆ ಅಕ್ಷರಗಳು. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಹುಡುಕಿದರೆ ಕಂಟ್ರೋಲ್ ಎಫ್ ಒತ್ತಿದರೂ "ಇಲ್ಲ" ಅನ್ನುತ್ತದೆ. ಒಂದೆಲಗ, ತಂಬುಳಿ, ಹಿಂಗು, ಇಂಗಿನ ಒಗ್ಗರಣೆ, ಬೆಂಕಿ, ಪಂಚಕಜ್ಜಾಯ. ಅಡುಗೆಮನೆಯ ಅರ್ಧ ಪದಗಳಲ್ಲಿ ಅನುಸ್ವಾರ ಇದೆ ಅಲ್ವಾ? ಅಷ್ಟೂ ಕೈತಪ್ಪುತ್ತವೆ.

ಇದರ ತಮ್ಮನೇ ಒಂಬತ್ತು. ಅರ್ಕಾವೊತ್ತಿನ ಜಾಗದಲ್ಲಿ ಅಂಕಿ ೯ ಹಾಕುವವರು ಬೇಕಾದಷ್ಟು ಜನ. ಕರ್ಜಿಕಾಯಿ ಅಂತ ಬರೆಯಬೇಕಾದಲ್ಲಿ ಕಜಿ೯ಕಾಯಿ. ವಾಟ್ಸಾಪ್‌ನಲ್ಲಿ ಬರುವ ಆಹ್ವಾನಗಳಲ್ಲಿ "ಕಾಯ೯ಕ್ರಮ" ನೋಡದವರು ಯಾರು? ಓದುವ ಮನುಷ್ಯರಿಗೆ ಏನೂ ತೊಂದರೆ ಇಲ್ಲ. ಯಂತ್ರಕ್ಕೆ ಅದು ಒಂಬತ್ತೇ.

ನನ್ನ ಉಪಾಯ ಸುಲಭದ್ದು. ಅಳತೆಗಳನ್ನೆಲ್ಲ ನಾನು 1, 2, 10 ಅಂತಲೇ ಬರೆಯುತ್ತೇನೆ, ಕನ್ನಡ ಅಂಕಿ ಬಳಸುವುದಿಲ್ಲ. ಕನ್ನಡ ಅಂಕಿಗಳ ಮೇಲೆ ಸಿಟ್ಟೇನಿಲ್ಲ. ಹೀಗೆ ಮಾಡಿದರೆ ಬರಹದಲ್ಲಿ ಎಲ್ಲೇ ೦ ಕಂಡರೂ ಅದು ತಪ್ಪೇ ಅಂತ ಖಾತ್ರಿಯಾಗುತ್ತದೆ. ಆಮೇಲೆ ಕಂಟ್ರೋಲ್ ಎಚ್ ಒತ್ತಿ, ೦ ಇದ್ದಲ್ಲೆಲ್ಲ ಅನುಸ್ವಾರ ಹಾಕು ಅಂತ ಒಂದೇ ಏಟಿಗೆ ಹೇಳಬಹುದು. ನುಡಿ ವಿನ್ಯಾಸದಲ್ಲಿ ಅನುಸ್ವಾರ ಬರಬೇಕಾದರೆ ಶಿಫ್ಟ್ ಹಿಡಿದು ಎಂ ಒತ್ತಬೇಕು. ೯ಕ್ಕೆ ಈ ಉಪಾಯ ನಡೆಯುವುದಿಲ್ಲ. ಯಾಕೆಂದರೆ ಅದನ್ನು ಹಾಕಿರುವುದು ಅಕ್ಷರದ ನಂತರ, ರ್ ಬರಬೇಕಾದದ್ದು ಅಕ್ಷರದ ಮುಂಚೆ. ಹಾಗಾಗಿ ಒಂದೊಂದನ್ನೇ ಹುಡುಕಿ ಕೈಯಲ್ಲೇ ತಿದ್ದುತ್ತೇನೆ. ಒಂದು ಬರಹದಲ್ಲಿ ಎಷ್ಟಿರುತ್ತವೆ ಮಹಾ?

ನನ್ನ ಟೈಪಿಂಗಿನಲ್ಲಿ ಇವು ಬರುವುದು ಅಪರೂಪ. ಬರುವುದು ಬೇರೆಯವರು ಕಳಿಸಿದ ಪಠ್ಯದಲ್ಲಿ. ನೆಂಟರೊಬ್ಬರು ಹಳೆಯ ಅಡುಗೆ ಟಿಪ್ಪಣಿಗಳ ಫೈಲ್ ಕೊಟ್ಟಿದ್ದರು, ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರಸಂಕೇತವಾದ ಯೂನಿಕೋಡ್‌ಗಿಂತ ಮುಂಚಿನ ಕಾಲದ ಫಾಂಟಿನಲ್ಲಿ ಮಾಡಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೋಡು ಬಾಲ ಮೂಡಿದ ಹಾಗೆ ಕಾಣುತ್ತದೆ. ಫೈಲ್ ಹಾಳಾಗಿದೆ ಅಂತ ಎಷ್ಟೋ ಜನ ಬಿಸಾಡುತ್ತಾರೆ. ಹಾಳಾಗಿರುವುದಿಲ್ಲ. ನುಡಿ, ಬರಹ ಮುಂತಾದ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಮಾತ್ರ ಸೊನ್ನೆ ಮತ್ತು ಒಂಬತ್ತನ್ನು ಹುಡುಕಲೇಬೇಕು.

ಅಚ್ಚಾದ ಹಾಳೆಯಾಗಿದ್ದರೆ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುತ್ತೇನೆ. ಚಿತ್ರದ ಕೆಳಗೆ ಕನ್ನಡ ಪಠ್ಯ ಬಂದಿರುತ್ತದೆ. ಅಚ್ಚು ಸ್ಪಷ್ಟವಾಗಿದ್ದರೆ ತಿದ್ದುವುದು ಕಡಿಮೆ. ಕೈಬರಹವಾದರೆ ಆಸೆ ಬಿಡಿ, ಓದಿ ಹೇಳುವುದೇ ಬೇಗ. ಹಾಗಂತ ಯಾರದೋ ಪುಸ್ತಕವನ್ನು ಹೀಗೆ ಎತ್ತಿ ಹಾಕುವಂತಿಲ್ಲ. ನಮ್ಮ ದೇಶದ 1957ರ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತಂಬುಳಿ ಮಾಡುವ ವಿಧಾನ ಯಾರ ಸ್ವತ್ತೂ ಅಲ್ಲ, ಆದರೆ ಅದನ್ನು ಒಬ್ಬರು ಬರೆದ ವಾಕ್ಯಗಳು ಅವರವು.

ತಿದ್ದಿ ಮುಗಿದ ಮೇಲೆ ನಾನು ಓದುವುದಿಲ್ಲ, ಕೇಳುತ್ತೇನೆ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನಲ್ಲಿ ಪುಟವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯ ಇದೆ. ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ದನಿಗಳಿವೆ. ಸಪ್ನಾ ಓದುತ್ತಾ ಹೋದಂತೆ ನಾನು ತರಕಾರಿ ಹೆಚ್ಚುತ್ತಿರುತ್ತೇನೆ. ಉಸಿರು ಕಟ್ಟುವಷ್ಟು ಉದ್ದದ ವಾಕ್ಯ, ಎರಡು ಸಲ ಬಂದ ಪದ, "ಉಪ್ಪು ಹಾಕಿ" ಅನ್ನುವ ಸಾಲೇ ಬಿಟ್ಟುಹೋದದ್ದು, ಎಲ್ಲ ಕಿವಿಗೆ ಸಿಕ್ಕಿಬೀಳುತ್ತವೆ. ಬರೆದ ಕಣ್ಣು ತನ್ನ ತಪ್ಪನ್ನು ಹಾರಿಸಿಕೊಂಡು ಹೋಗುತ್ತದೆ, ದನಿ ಹಾಗೆ ಹಾರಿಸುವುದಿಲ್ಲ. ನನಗಂತೂ ಎಲ್ಲ ಉಪಕರಣಗಳಲ್ಲಿ ಇದೇ ಇಷ್ಟ.

ಪದಗಳ ಅನುಮಾನ ಬಂದರೆ ಅಲರ್ ನಿಘಂಟು ತೆರೆಯುತ್ತೇನೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ಕೋಶ ಅದು, ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಿಂದ ಎಲ್ಲರಿಗೂ ಮುಕ್ತವಾಗಿದೆ.

ಇನ್ನು ಹೆಸರು. ಒಂದೆಲಗ ಅಂತ ನಾವು ಕರೆಯುವುದು ಮಂಗಳೂರಿನ ಕಡೆ ತಿಮರೆ. ಪೇಟೆಯಲ್ಲಿ ಬ್ರಾಹ್ಮಿ. ಆದರೆ ಬ್ರಾಹ್ಮಿ ಅಂತ ಇನ್ನೊಂದು ಬೇರೆಯದೇ ಗಿಡವನ್ನೂ ಕರೆಯುತ್ತಾರೆ, ಚಿಕ್ಕ ದಪ್ಪ ಎಲೆಯ ನೀರುಬ್ರಾಹ್ಮಿ. ಹಾಗಾಗಿ ಬರಹದ ಮೊದಲ ಪ್ಯಾರಾದಲ್ಲೇ ಒಂದೆಲಗ, ತಿಮರೆ ಎರಡನ್ನೂ ಬರೆದು, ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ ಅಂತ ಸೇರಿಸಿ, ಎಲೆಯ ಫೋಟೋ ಹತ್ತಿರದಿಂದ ತೆಗೆದು ಹಾಕುತ್ತೇನೆ. ಇದರಿಂದ ಹುಡುಕುವವರಿಗೂ ಅನುಕೂಲ, ತಪ್ಪು ಸೊಪ್ಪು ಅರೆದುಬಿಡುವ ಭಯವೂ ಇಲ್ಲ.

ಕೊಂಡಿ, ಅಂದರೆ ಪುಟದ ವಿಳಾಸ. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಗೂಗಲ್‌ನ ಬ್ಲಾಗ್ ತಾಣ ಬ್ಲಾಗರ್‌ನಲ್ಲಿ ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ವಿಳಾಸದ ಕೊನೆಯಲ್ಲಿ ಬರೀ "ಬ್ಲಾಗ್ ಪೋಸ್ಟ್" ಅನ್ನುವ ಇಂಗ್ಲಿಷ್ ಪದ, ಅದರ ಹಿಂದೆ ಒಂದು ಅಂಕಿ ಬಂದು ಕೂರುತ್ತದೆ. ಯಾವ ಬರಹ ಯಾವುದು ಅಂತ ವಿಳಾಸ ನೋಡಿ ಹೇಳಲು ಸಾಧ್ಯವೇ ಇಲ್ಲ. ಇನ್ನೊಂದು ಬ್ಲಾಗ್ ವೇದಿಕೆ ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಉಲ್ಟಾ. ಕನ್ನಡವನ್ನೇ ಉಳಿಸಿಕೊಳ್ಳುತ್ತದೆ, ಆದರೆ ವಿಳಾಸ ನಕಲು ಮಾಡಿ ವಾಟ್ಸಾಪ್‌ಗೆ ಅಂಟಿಸಿದರೆ ಎಷ್ಟೋ ಸಲ ಪರ್ಸೆಂಟ್ ಗುರುತುಗಳ ಸಂತೆ. ಒಂದೊಂದು ಕನ್ನಡ ಅಕ್ಷರಚಿಹ್ನೆಗೂ 9 ಗುರುತು ಬೇಕಾಗುತ್ತದೆ. ಸ್ವರಚಿಹ್ನೆಗಳನ್ನೂ ಬೇರೆಯಾಗಿಯೇ ಎಣಿಸಬೇಕು. "ಒಂದೆಲಗದ ತಂಬುಳಿ" ಅಂತ ಎರಡು ಪದ ಬರೆದರೆ, ನಡುವಿನ ಅಡ್ಡಗೆರೆ ಸೇರಿ, 118 ಗುರುತುಗಳ ಬಾಲ ಬೆಳೆಯುತ್ತದೆ. ಅಷ್ಟುದ್ದದ ಕೊಂಡಿ ನೋಡಿದರೆ ಹಿರಿಯರು ಇದೇನೋ ಮೋಸದ ಲಿಂಕ್ ಅಂತ ಮುಟ್ಟುವುದೇ ಇಲ್ಲ. ಅವರನ್ನು ತಪ್ಪು ಅನ್ನಲಾಗುವುದಿಲ್ಲ.

ಅದಕ್ಕೇ ಪ್ರಕಟಿಸುವ ಮುಂಚೆಯೇ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾನೇ ಕೊಡುತ್ತೇನೆ. ಒಂದೆಲಗ, ಒಂದು ಅಡ್ಡಗೆರೆ, ತಂಬುಳಿ, ಅಷ್ಟೇ. ಬ್ಲಾಗರ್‌ನಲ್ಲಿ ಬಲಗಡೆಯ ಪೋಸ್ಟ್ ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ ಅಂತ ಇರುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುವವರೂ ಜಾಸ್ತಿ, ಅವರಿಗೂ ಇದು ನೆರವಾಗುತ್ತದೆ. ಒಮ್ಮೆ ಪ್ರಕಟಿಸಿ, ನಾಲ್ಕು ಜನ ಹಂಚಿಕೊಂಡ ಮೇಲೆ ವಿಳಾಸ ಬದಲಿಸಲು ಹೋಗಬೇಡಿ. ಹಂಚಿದ ಹಳೆಯ ಕೊಂಡಿಗಳು ಸತ್ತುಹೋಗಬಹುದು.

ಫೋಟೋ ವಿಷಯ ಚಿಕ್ಕದು. ಫೋನಿನಲ್ಲಿ ತೆಗೆದದ್ದು ನಾಲ್ಕೈದು ಎಂಬಿ ಇರುತ್ತದೆ. ಊರಿನ ನೆಟ್‌ವರ್ಕ್‌ನಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ತಂಬುಳಿ ಹುಳಿ ಬಂದಿರುತ್ತದೆ. ಸ್ಕ್ವೂಶ್ ಅಂತ ಒಂದು ಉಚಿತ ತಾಣ ಇದೆ. ಚಿತ್ರವನ್ನು ಎಲ್ಲಿಗೂ ಕಳಿಸದೆ ನಮ್ಮ ಬ್ರೌಸರಿನಲ್ಲೇ ಕುಗ್ಗಿಸುತ್ತದೆ. ಅಗಲ 1200 ಪಿಕ್ಸೆಲ್ ಇಟ್ಟರೆ ಬ್ಲಾಗಿಗೆ ಧಾರಾಳ. ಇನ್ನೊಂದು ಎಚ್ಚರ: ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗ ಫೋಟೋದೊಳಗೇ ದಾಖಲಾಗಿರುತ್ತದೆ. ಅಡುಗೆಮನೆಯ ಫೋಟೋ ಅಂದರೆ ಮನೆ ವಿಳಾಸ ಅಂತಲೇ ಅರ್ಥ. ಅದನ್ನು ಆಫ್ ಮಾಡಿಯೇ ತೆಗೆಯುತ್ತೇನೆ. ಬೇರೆಯವರ ಚಿತ್ರ ಬೇಕಾದರೆ, ಮುಕ್ತವಾಗಿ ಬಳಸಬಹುದಾದ ಚಿತ್ರಗಳ ತಾಣ ವಿಕಿಮೀಡಿಯ ಕಾಮನ್ಸ್‌ನಿಂದ, ತೆಗೆದವರ ಹೆಸರು ಮತ್ತು ಲೈಸೆನ್ಸ್ ಕೆಳಗೆ ಬರೆದು ಹಾಕುತ್ತೇನೆ. ಚಿತ್ರದಲ್ಲಿ ಏನಿದೆ ಅನ್ನುವ ಒಂದು ಸಾಲಿನ ಆಲ್ಟ್ ಪಠ್ಯವನ್ನು ಕನ್ನಡದಲ್ಲೇ ಕೊಡುವುದು ಮರೆಯಬೇಡಿ, ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವುದು ಅದನ್ನೇ.

ಹಳೆಯ ಬರಹದಲ್ಲಿ ಅಳತೆ ಬದಲಿಸಿದರೆ ಸದ್ದಿಲ್ಲದೆ ಬದಲಿಸುವುದಿಲ್ಲ. ಕೆಳಗೆ ತಾರೀಖು ಹಾಕಿ, ಮಜ್ಜಿಗೆ ಕಡಿಮೆ ಮಾಡಿದ್ದೇನೆ, ಕಾರಣ ಇದು ಅಂತ ಬರೆಯುತ್ತೇನೆ. ಹಳೆಯ ಅಳತೆ ನೋಡಿ ಮಾಡಿದವರಿಗೆ ಗೊಂದಲ ಆಗಬಾರದಲ್ಲ.

ಉಳಿಸಿಕೊಳ್ಳುವ ವಿಚಾರಕ್ಕೆ ಬಂದರೆ, ಕಂಪನಿಗಳನ್ನು ನಂಬಿ ಕೂರುವ ಜಾಯಮಾನ ನನ್ನದಲ್ಲ. ಬ್ಲಾಗುಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. ಫೇಸ್‌ಬುಕ್ ಥರದ ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಅದರ ಮೇಲೆ ಬರೆದುಕೊಂಡಿದ್ದವರು ಇಳಿಸಿಕೊಂಡಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪ್ರತಿ ಬರಹದ ಮೂಲ ಪ್ರತಿ ಬ್ಲಾಗಿನಲ್ಲಿ ಹುಟ್ಟುವುದೇ ಇಲ್ಲ. ಮೊದಲು ಸಾದಾ ಟೆಕ್ಸ್ಟ್ ಫೈಲಿನಲ್ಲಿ, ಕನ್ನಡ ಅಕ್ಷರ ಕೆಡದ ಹಾಗೆ ಯುಟಿಎಫ್-8 ಅಂತ ಉಳಿಸಿ, ಫೋಟೋಗಳ ಜೊತೆ ಒಂದೇ ಫೋಲ್ಡರಿನಲ್ಲಿ ಇರುತ್ತದೆ. ಆ ಫೋಲ್ಡರಿನ ನಕಲು ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ನಕಲು ಗೂಗಲ್ ಡ್ರೈವ್‌ನಲ್ಲಿ. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಇಡೀ ಬ್ಲಾಗನ್ನು ಒಂದು ಫೈಲಾಗಿ ಇಳಿಸಿಕೊಳ್ಳಬಹುದು, ಆಗಾಗ ಅದನ್ನೂ ಮಾಡುತ್ತೇನೆ. ಆದರೆ ಆ ಫೈಲಿನಲ್ಲಿ ಬರಹ ಇರುತ್ತದೆ, ಚಿತ್ರಗಳ ಕೊಂಡಿ ಮಾತ್ರ ಇರುತ್ತದೆ. ಚಿತ್ರಗಳೂ ಅದರಲ್ಲೇ ಬಂದವು ಅಂದುಕೊಂಡು ಹಾಯಾಗಿರಬೇಡಿ.

ಪ್ರಕಟಿಸಿದ ದಿನವೇ ಮಾಡುವ ಇನ್ನೊಂದು ಕೆಲಸ ಇದೆ, ಒಂದು ನಿಮಿಷವೂ ಹಿಡಿಯುವುದಿಲ್ಲ. ವೆಬ್ ಪುಟಗಳ ಪ್ರತಿಗಳನ್ನು ಕೂಡಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ, ಪುಟ ಉಳಿಸುವ ಚೌಕದಲ್ಲಿ ಹೊಸ ಬರಹದ ವಿಳಾಸ ಅಂಟಿಸಿ, ಗುಂಡಿ ಒತ್ತುತ್ತೇನೆ. ಆ ದಿನ ಪುಟ ಹೇಗಿತ್ತೋ ಹಾಗೇ ಒಂದು ಪ್ರತಿ ಅಲ್ಲಿ ಕೂರುತ್ತದೆ. ನಾನು ಬೇರೆಯವರ ಬರಹಕ್ಕೆ ಕೊಂಡಿ ಕೊಟ್ಟಿದ್ದರೆ ಆ ಪುಟಗಳನ್ನೂ ಹೀಗೇ ಉಳಿಸುತ್ತೇನೆ. 2007–08ರ ಸುಮಾರಿಗೆ ಕನ್ನಡದಲ್ಲಿ ಎಷ್ಟು ಚೆಂದದ ಬ್ಲಾಗುಗಳಿದ್ದವು! ಅವುಗಳಲ್ಲಿ ಕೆಲವನ್ನು ಈಗ ಓದಬೇಕಾದರೆ ಇಲ್ಲೇ ಹುಡುಕಬೇಕು. ಹಳೆಯ ವಿಳಾಸ ಗೊತ್ತಿದ್ದರೆ ಹಾಕಿ ನೋಡಿ, ಕೆಲವು ಸಿಗುತ್ತವೆ.